ಒಂದರಿಂದ ಐದನೇ ಕ್ಲಾಸ್ ಮಕ್ಕಳಲ್ಲಿ ಲೀಡರ್‌ಶಿಪ್ ಬೆಳೆಸೋದು ಹೇಗೆ

ನಮ್ಮ ಮಂಡ್ಯ, ಮೈಸೂರು ಕಡೆ ಯಾವ ಸ್ಕೂಲಿಗೆ ಬೇಕಾದ್ರೂ ಹೋಗಿ ನೋಡಿ, ಸರ್ಕಾರಿದಾಗ್ಲಿ ಪ್ರೈವೇಟಾಗ್ಲಿ, ಟೀಚರ್ ಆಫೀಸ್ ರೂಮಿಗೆ ಹೋದ ತಕ್ಷಣ ಒಬ್ಬ ಹುಡುಗ ಎದ್ದು ಬೋರ್ಡ್ ಹತ್ರ ಬಂದು ಚಾಕ್‌ಪೀಸ್ ತಗೊಂಡು "ಮಾತಾಡಿದವರು" ಅಂತ ಬರೆದು ಕೆಳಗೆ ಒಂದೊಂದೇ ಹೆಸರು ಇಳಿಸೋಕೆ ಶುರು ಮಾಡ್ತಾನೆ, ಜಾಸ್ತಿ ಮಾತಾಡಿದ್ರೆ ಹೆಸರಿನ ಮುಂದೆ ಇಂಟು ಮಾರ್ಕು, ಇನ್ನೂ ಜಾಸ್ತಿ ಆದ್ರೆ ಎರಡು ಇಂಟು. ಅವನಿಗೆ ಇಷ್ಟ ಇರೋ ಫ್ರೆಂಡ್ ಹೆಸರು ಬರಲ್ಲ, ಪೆನ್ಸಿಲ್ ಕೊಡದೆ ಇದ್ದವನ ಹೆಸರು ಮೊದಲೇ ಬಂದಿರುತ್ತೆ. ಇದನ್ನೇ ನಾವು ಮಾನಿಟರ್, ಕ್ಲಾಸ್ ಲೀಡರ್ ಅಂತ ಕರೀತೀವಿ, ವರ್ಷಪೂರ್ತಿ ಅದೇ ಹುಡುಗ ಇರ್ತಾನೆ, ಮಿಕ್ಕ ಮಕ್ಕಳು ಲೀಡರ್ ಅಂದ್ರೆ ಹೆಸರು ಬರೆಯೋನು ಅಂತಾನೇ ಕಲೀತಾರೆ.

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಶಾಲೇಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡ್ತೀನಿ. ಆರರಿಂದ ಹತ್ತು ವರ್ಷದ ಮಗುವಿಗೆ ಲೀಡರ್‌ಶಿಪ್ ಅಂದ್ರೆ ಒಂದು ಕೆಲಸನ ನಂದು ಅಂತ ತಗೊಂಡು, ಜೊತೆಯವರನ್ನೂ ಸೇರಿಸ್ಕೊಂಡು, ದೊಡ್ಡೋರು ನೋಡ್ಲಿ ಬಿಡ್ಲಿ ಅದನ್ನ ಮುಗಿಸೋದು. ಇದು ಎಲ್ಲಾ ಮಕ್ಕಳಿಗೂ ಬರುತ್ತೆ, ಬಾಯಿ ಜೋರಿರೋ ನಾಲ್ಕು ಮಕ್ಕಳ ಆಸ್ತಿ ಅಂತೂ ಅಲ್ವೇ ಅಲ್ಲ. ಬರಬೇಕು ಅಂದ್ರೆ ನಾವು ದಿನಾ ಏನು ಮಾಡ್ಬೇಕು ಅನ್ನೋದನ್ನ ಇಲ್ಲಿ ಬರೀತಿದ್ದೀನಿ, ಟೀಚರ್‌ಗಳಿಗೂ ಮನೆಯವರಿಗೂ.

ಹೆದರಿಸೋ ಲೀಡರ್ ಯಾಕೆ ಬೇಡ ಅನ್ನೋದಕ್ಕೆ ಹಳೇ ಕಾಲದ ಒಂದು ಒಳ್ಳೇ ಪುರಾವೆ ಇದೆ. 1930ರ ದಶಕದ ಕೊನೇಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ಲಿಪಿಟ್, ವೈಟ್ ಅನ್ನೋ ಮೂರು ಜನ ಮನಃಶಾಸ್ತ್ರಜ್ಞರು ಹತ್ತು ವರ್ಷದ ಆಸುಪಾಸಿನ ಹುಡುಗರ ಚಿಕ್ಕ ಚಿಕ್ಕ ಕ್ಲಬ್ ಮಾಡಿ ಮುಖವಾಡ ಮಾಡೋ ತರದ ಕೆಲಸ ಕೊಟ್ರು. ಒಂದು ತರದ ದೊಡ್ಡೋರು ಎಲ್ಲಾನೂ ತಾವೇ ಹೇಳಿ ಮಾಡಿಸೋರು, ಇನ್ನೊಂದು ತರದೋರು ಹುಡುಗರನ್ನ ಕೇಳಿ ಜೊತೆಗೆ ತೀರ್ಮಾನ ಮಾಡೋರು, ಮೂರನೇ ತರದೋರು ಏನೂ ಹೇಳದೆ ಸುಮ್ನೆ ಬಿಟ್ಟುಬಿಡೋರು. ಹೇಳಿ ಮಾಡಿಸಿದ ಗುಂಪು ಆ ದೊಡ್ಡೋರು ಎದುರಿಗಿದ್ದಾಗ ಚೆನ್ನಾಗೇ ಕೆಲಸ ಮಾಡ್ತು, ಅವರು ರೂಮಿಂದ ಆಚೆ ಹೋದ್ರೆ ಕೆಲಸ ಬಿದ್ದುಹೋಗೋದು, ಕೇಳಿ ಮಾಡಿದ ಗುಂಪು ಮಾತ್ರ ಅವರಿಲ್ಲದಾಗಲೂ ಮುಂದುವರಿಸ್ತಿತ್ತು. ಹೇಳಿ ಮಾಡಿಸಿದ ಗುಂಪಿನಲ್ಲಿ ಒಬ್ಬ ಹುಡುಗನ ಮೇಲೆ ಮಿಕ್ಕವರೆಲ್ಲ ಸೇರಿ ಬೀಳೋದೂ ಕಂಡುಬಂತು. ನಮ್ಮ "ಮಾತಾಡಿದವರು" ಲಿಸ್ಟಿನಲ್ಲಿ ಯಾವಾಗಲೂ ಒಂದೇ ಮಗುವಿನ ಹೆಸರು ಯಾಕಿರುತ್ತೆ ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಮೂರನೇ ಗುಂಪನ್ನೂ ಮರೀಬೇಡಿ, ಸುಮ್ನೆ ಬಿಟ್ಟುಬಿಟ್ರೆ ಮಕ್ಕಳೇ ಕಲೀತಾರೆ ಅನ್ನೋದೂ ಆಗದ ಮಾತು, ಅಲ್ಲಿ ಕೆಲಸ ಎಲ್ಲಕ್ಕಿಂತ ಕಡಿಮೆ ಆಗಿತ್ತು.

ಮೊದಲು ಕೆಲಸ ಹಂಚಿ, ಹುದ್ದೆ ಆಮೇಲೆ

ಜೂನ್‌ನಲ್ಲಿ ಸ್ಕೂಲ್ ಶುರುವಾಗಿ ಮಕ್ಕಳು ಒಂದು ಹದಕ್ಕೆ ಬಂದ ಮೇಲೆ, ನಿಮ್ಮ ಕ್ಲಾಸಲ್ಲಿ ಬೆಳಗ್ಗೆಯಿಂದ ಸಾಯಂಕಾಲದವರೆಗೆ ಏನೇನು ಕೆಲಸ ನಡೆಯುತ್ತೆ ಅಂತ ಒಂದು ಹಾಳೇಲಿ ಬರೀರಿ. ಪ್ರಾರ್ಥನೆ ಹೇಳಿಸೋದು, ಪಂಚಾಂಗ ಮತ್ತು ನ್ಯೂಸ್ ಓದೋದು, ಬೋರ್ಡಲ್ಲಿ ತಾರೀಖು ಬರೆಯೋದು, ಚಪ್ಪಲಿ ಸಾಲಾಗಿ ಬಿಡಿಸೋದು, ನಲಿಕಲಿ (ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡು ಇಟ್ಕೊಂಡು ಕಲಿಯೋ ಪದ್ಧತಿ) ಕಾರ್ಡು ವಾಪಸ್ ಟ್ರೇಗೆ ಜೋಡಿಸೋದು, ಓದೋ ಮೂಲೆ ಪುಸ್ತಕ ಯಾರು ತಗೊಂಡ್ರು ಅಂತ ಬರೆದಿಡೋದು, ಗಿಡಕ್ಕೆ ನೀರು, ಊಟಕ್ಕೆ ಮುಂಚೆ ಕೈ ತೊಳೆಸೋದು, ಹಾಲಿನ ಲೋಟ ಎಣಿಸೋದು, ಬೆಲ್ ಹೊಡೆಯೋದು, ರಜಾ ಹಾಕಿದ ಮಗುವಿಗೆ ಮಾರನೇ ದಿನ ನಿನ್ನೆ ಏನಾಯ್ತು ಅಂತ ಹೇಳೋದು. ಈ ಕೊನೇ ಕೆಲಸ ನನಗೆ ತುಂಬಾ ಇಷ್ಟ, ಅದಕ್ಕೆ ಯಾರೂ ಬೆಲೆ ಕೊಡಲ್ಲ, ಆದ್ರೆ ಹುಷಾರಿಲ್ಲದೆ ಮಲಗಿದ್ದು ಬಂದ ಮಗುವಿಗೆ "ಬಾ, ನಿನ್ನೆ ಇದು ಮಾಡ್ಸುದ್ರು" ಅಂತ ಒಬ್ರು ಹತ್ರ ಬಂದು ಕೂತ್ರೆ ಅದರ ಮುಖ ನೋಡ್ಬೇಕು ನೀವು.

ಕೆಲಸ ನಿಜವಾದದ್ದಾಗಿರ್ಬೇಕು. ಮಾಡದೆ ಇದ್ರೆ ಎಲ್ರಿಗೂ ಗೊತ್ತಾಗ್ಬೇಕು. ಬ್ಯಾಡ್ಜ್ ಹಾಕ್ಕೊಂಡು ಸುಮ್ನೆ ನಿಲ್ಲೋದು ಕೆಲಸ ಅಲ್ಲ.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಶಾಲೆಗಳಲ್ಲಿ ಮೊಟ್ಟೆ ಕೊಡ್ತಾರಲ್ಲ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಹಾಗಾಗಿ ಯಾರಿಗೆ ಯಾವುದು ಅಂತ ಎಣಿಸಿ ಅಡುಗೆ ಮನೆಗೆ ಹೇಳ್ಬೇಕು. ಇದನ್ನ ಟೀಚರ್ ಮಾಡೋದು ವಾಡಿಕೆ. ನಾವು ಮೂರನೇ ಕ್ಲಾಸಿನ ಒಬ್ಬಳು ಹುಡುಗಿಗೆ ಕೊಟ್ವಿ, ಸ್ಲೇಟಿನ ಮಧ್ಯ ಒಂದು ಗೆರೆ ಎಳೆದು ಒಂದು ಕಡೆ ಮೊಟ್ಟೆ ಚಿತ್ರ, ಇನ್ನೊಂದು ಕಡೆ ಬಾಳೆಹಣ್ಣಿನ ಚಿತ್ರ, ಒಬ್ಬೊಬ್ಬರ ಹತ್ರ ಹೋಗಿ ಕೇಳಿ ಕಡ್ಡಿ ಗೀಟು ಹಾಕೋದು, ಐದನೇದು ಅಡ್ಡ. ಒಂದಿನ ಬಾಗಿಲ ಹತ್ರ ಕೂತಿದ್ದ ಪುಟ್ಟ ಹುಡುಗನ್ನ ಬಿಟ್ಟುಬಿಟ್ಲು, ಊಟದ ಹೊತ್ತಲ್ಲಿ ಒಂದು ಬಾಳೆಹಣ್ಣು ಕಡಿಮೆ ಬಂತು, ಆ ಹುಡುಗ ಅಳೋಕೆ ಶುರು ಮಾಡ್ದ. ನಾವ್ಯಾರೂ ಅವಳಿಗೆ ಬಯ್ಯಲಿಲ್ಲ, "ಈಗೇನು ಮಾಡೋಣ?" ಅಂತ ಮಾತ್ರ ಕೇಳಿದ್ವಿ. ಅವಳು ಸ್ವಲ್ಪ ಹೊತ್ತು ನಿಂತಿದ್ದು, ತನ್ನ ಮೊಟ್ಟೆ ಬದಲು ಕೊಡೋಕೆ ನೋಡಿದ್ಲು, ಅವನು ತಿನ್ನಲ್ಲ, ಆಮೇಲೆ ಬಾಳೆಹಣ್ಣು ತಗೊಂಡಿದ್ದ ಇನ್ನೊಬ್ಬಳ ಹತ್ರ ಹೋಗಿ ಅರ್ಧ ಮುರಿಸ್ಕೊಂಡು ಬಂದ್ಲು. ಮಾರನೇ ದಿನದಿಂದ ಎಣಿಸಿದ ಮೇಲೆ ಬಾಗಿಲ ಹತ್ರ ನಿಂತ್ಕೊಂಡು "ಯಾರ್‌ನಾದ್ರೂ ಬುಟ್ಟಿದ್ದೀನಾ?" ಅಂತ ಜೋರಾಗಿ ಒಂದ್ಸಲ ಕೇಳೋದು ಅವಳೇ ಶುರು ಮಾಡಿದ್ದು. ನಾವು ಬೈದಿದ್ರೆ ಅವಳು ಎಣಿಸೋದನ್ನೇ ಬಿಡ್ತಿದ್ಲು.

ಕೆಲಸ ಹಂಚೋ ರೀತಿ ಹೀಗಿರ್ಲಿ. ಪ್ರತಿ ಮಗುವಿನ ಹೆಸರು ಒಂದು ರಟ್ಟಿನ ಚೂರಲ್ಲಿ ಬರೆದು, ಓದೋಕೆ ಬರದ ಒಂದನೇ ಕ್ಲಾಸಿನವರಿಗೆ ಫೋಟೋ ಅಂಟಿಸಿ ಅಥವಾ ಅವರೇ ಒಂದು ಗುರುತಿನ ಚಿತ್ರ ಬರೀಲಿ, ಗೋಡೆ ಮೇಲೆ ಕೆಲಸದ ಚಾರ್ಟ್ ತೂಗುಹಾಕಿ ಅದರಲ್ಲಿ ಆ ಚೂರು ಸಿಕ್ಕಿಸಿ. ಸೋಮವಾರ ಕೆಲಸ ಬದಲಾಗ್ಲಿ. ಒಂದನೇ ಕ್ಲಾಸಿನ ಮಕ್ಕಳಿಗೆ ಒಂದು ವಾರ ಸಾಲಲ್ಲ, ಕೆಲಸ ಗೊತ್ತಾಗೋ ಹೊತ್ತಿಗೆ ವಾರ ಮುಗಿದಿರುತ್ತೆ, ಅವರಿಗೆ ಎರಡು ವಾರ ಬಿಡಿ. ಸೋಮವಾರ ಹಳೇ ಮಗು ಹೊಸ ಮಗುವಿಗೆ ಕೆಲಸ ಕಲಿಸ್ಬೇಕು, ಟೀಚರ್ ಕಲಿಸೋದು ಬೇಡ. ಗಿಡದ ಕೆಲಸ ಇದ್ದೋನು ಹೊಸಬನನ್ನ ಕರ್ಕೊಂಡು ಹೋಗಿ "ಈ ನುಗ್ಗೆ ಗಿಡಕ್ಕೆ ಒಂದ್ ಜಗ್ಗು ಸಾಕು ಕಣ್ಲಾ, ಕರಿಬೇವಿಗೆ ದಿನ ಬುಟ್ಟು ದಿನ ಆಕು" ಅಂತ ಹೇಳೋ ಆ ಹತ್ತು ನಿಮಿಷದಲ್ಲಿ ಆಗೋ ಕಲಿಕೆ ಯಾವ ಭಾಷಣದಲ್ಲೂ ಆಗಲ್ಲ, ದಯವಿಟ್ಟು ಆ ಹತ್ತು ನಿಮಿಷನ ಪಾಠ ಹಿಂದೆ ಬಿತ್ತು ಅಂತ ಕಿತ್ಕೋಬೇಡಿ.

ಆ ಕೆಲಸದ ಮಟ್ಟಿಗೆ ಮಗುವಿನ ಮಾತು ಟೀಚರ್‌ಗೂ ನಡೀಬೇಕು. ಕೈ ತೊಳೆಸೋ ಮಗು "ಮಿಸ್, ನೀವು ಸೋಪ್ ಆಕ್ಲಿಲ್ಲ" ಅಂದ್ರೆ ಸೋಪ್ ಹಾಕ್ಕೊಂಡು ತೊಳ್ಕೊಂಡು ಬನ್ನಿ. ಓದೋ ಮೂಲೆ ನೋಡ್ಕೊಳ್ಳೋ ಮಗು ಪುಸ್ತಕಕ್ಕೆ ಸಹಿ ಹಾಕಿ ಅಂದ್ರೆ ಹಾಕಿ. ಇನ್ನು ಮಗು ಜೋಡಿಸಿಟ್ಟ ಪುಸ್ತಕ ವಾರೆ ಇದ್ರೆ ಅದರ ಎದುರಿಗೇ ನಾವು ಸರಿ ಮಾಡೋಕೆ ಹೋಗ್ಬಾರ್ದು, ಹಿಂದಿನಿಂದಲೂ ಬೇಡ, ನಾಳೆ ಬಂದು ನೋಡಿದ್ರೆ ಅದಕ್ಕೆ ಗೊತ್ತಾಗುತ್ತೆ.

ಯಾವ ಕೆಲಸ ಕೊಡಬಾರ್ದು

ಇದನ್ನ ಬಿಡಿಸಿ ಹೇಳಲೇಬೇಕು. ಬಿಸಿ ಸಾಂಬಾರ್ ಪಾತ್ರೆ, ಹಾಲಿನ ಕ್ಯಾನು ಮಕ್ಕಳ ಕೈಗೆ ಬೇಡ, ಲೋಟ ಎಣಿಸೋದು ಲೈನ್ ನೋಡೋದು ಮಾತ್ರ ಮಕ್ಕಳದ್ದು, ಬಡಿಸೋದು ಅಡುಗೆಯವರದ್ದು. 2013ರಲ್ಲಿ ಶಾಲೆ ಮಕ್ಕಳಿಗೆ ಹಾಲು ಕೊಡೋ ಕ್ಷೀರಭಾಗ್ಯ ಯೋಜನೆ ಬಂದಾಗಿನಿಂದ ಬೆಳಗ್ಗೆ ಹಾಲಿನ ಹೊತ್ತು ಅಂದ್ರೆ ಇಡೀ ಸ್ಕೂಲು ಒಂದೇ ಕಡೆ ಸೇರೋ ಹೊತ್ತು, ನೂಕುನುಗ್ಗಲು ಇರುತ್ತೆ, ಹುಷಾರಾಗಿರ್ಬೇಕು. ಶೌಚಾಲಯ ತೊಳೆಸೋದು ಯಾವ ಕಾರಣಕ್ಕೂ ಬೇಡ, ಜವಾಬ್ದಾರಿ ಕಲಿಸ್ತೀವಿ ಅನ್ನೋ ಹೆಸರಲ್ಲೂ ಬೇಡ, ಇಲಾಖೆ ಅದನ್ನ ಕಟ್ಟುನಿಟ್ಟಾಗಿ ಬೇಡ ಅಂದಿದೆ, ಅಲ್ಲಿ ಯಾವ ಮಕ್ಕಳನ್ನ ಆ ಕೆಲಸಕ್ಕೆ ಕರೀತಾರೆ ಅನ್ನೋದೂ ನಮಗೆಲ್ಲ ಗೊತ್ತಿರೋದೇ.

ಗೋಡೆ ಮೇಲಿನ ಚಾರ್ಟನ್ನ ತಿಂಗಳಿಗೊಂದ್ಸಲ ಒಂದು ಪ್ರಶ್ನೆ ಇಟ್ಕೊಂಡು ನೋಡಿ. ಪೊರಕೆ ಹಿಡಿಯೋದು, ರಂಗೋಲಿ, ಅತಿಥಿಗಳಿಗೆ ತಟ್ಟೆ ಹಿಡಿಯೋದು ಹೆಣ್ಣುಮಕ್ಕಳಿಗೇ ಹೋಗ್ತಿದ್ಯಾ, ಬೆಲ್ಲು, ಬಾವುಟ, ಮೈಕು, ಬೀಗದ ಕೈ ಗಂಡುಮಕ್ಕಳಿಗೇ ಹೋಗ್ತಿದ್ಯಾ? ನೀರಿನ ಕೊಡ, ಊಟದ ಲೈನು ನೋಡ್ಕೊಳ್ಳೋ ಕೆಲಸ ಊರಿನ ಎಲ್ಲಾ ಬೀದಿಗಳ ಮಕ್ಕಳಿಗೂ ಬರ್ತಿದ್ಯಾ? ಊರಲ್ಲಿ ಏನಿದ್ಯೋ ಅದು ಶಾಲೆ ಕಾಂಪೌಂಡ್ ಒಳಗೂ ತಾನಾಗೇ ಬಂದುಬಿಡುತ್ತೆ, ನಾವು ಚಾರ್ಟ್ ಹಿಡ್ಕೊಂಡು ತಡೆದ್ರೆ ಮಾತ್ರ ತಡೆಯುತ್ತೆ. ಸರದಿ ಇಟ್ಟಿದ್ರೆ ಯಾರೂ ಪ್ರಶ್ನೆ ಮಾಡೋಕಾಗಲ್ಲ, ಈ ವಾರ ಇವಳ ಸರದಿ ಅಷ್ಟೆ ಅಂತ ಹೇಳೋಕೆ ಟೀಚರ್‌ಗೂ ಧೈರ್ಯ ಇರುತ್ತೆ. ಸರದಿ ಪದ್ಧತಿ ನಾನು ಇಷ್ಟು ಹಿಡ್ಕೊಂಡಿರೋದು ಮುಖ್ಯವಾಗಿ ಇದಕ್ಕೇ.

ನಲಿಕಲೀಲೇ ಇದೆ, ಉಪಯೋಗಿಸ್ಕೊಳ್ಳಿ

ನಲಿಕಲಿ ಹುಟ್ಟಿದ್ದೇ ನಮ್ಮ ಮೈಸೂರು ಜಿಲ್ಲೆ ಎಚ್.ಡಿ. ಕೋಟೇಲಿ, 1995ರಲ್ಲಿ, ಯುನಿಸೆಫ್ ನೆರವಿಂದ. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡ್ಕೊಂಡು ಬಂದ ಸರ್ಕಾರಿ ಶಾಲೆ ಟೀಚರ್‌ಗಳೇ ಕೂತು ಕಾರ್ಡು ಮಾಡಿದ್ದು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರ್ತಾರೆ, ಅದರಲ್ಲಿ ಒಂದು ಗುಂಪು ಟೀಚರ್ ಜೊತೆ, ಒಂದು ಗುಂಪು ಜೊತೆಯ ಮಕ್ಕಳ ನೆರವಿಂದ, ಒಂದು ಗುಂಪು ತಾನೇ ಕಲಿಯೋದು. ಈ ಜೊತೆಯ ಮಕ್ಕಳ ನೆರವು ಅನ್ನೋ ಗುಂಪಿದ್ಯಲ್ಲ, ಚಿಕ್ಕ ಮಕ್ಕಳಿಗೆ ಲೀಡರ್‌ಶಿಪ್ ಕಲಿಸೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ, ಆದ್ರೆ ಸುಮಾರು ಕಡೆ ಅಲ್ಲಿ ನಡೆಯೋದು ಏನಂದ್ರೆ ದೊಡ್ಡ ಮಗು ಚಿಕ್ಕ ಮಗುವಿನ ಕೈಯಿಂದ ಸ್ಲೇಟ್ ಕಿತ್ಕೊಂಡು ತಾನೇ ಬರೆದು ವಾಪಸ್ ಕೊಡೋದು, ಟೀಚರ್ ಬಂದಾಗ "ಆಯ್ತು ಮಿಸ್" ಅನ್ನೋದು.

ಹಾಗಾಗಿ ನೆರವು ಕೊಡೋದನ್ನೂ ಕಲಿಸ್ಬೇಕಾಗುತ್ತೆ. ಮೊದಲು "ಎಲ್ಲಿವರ್ಗೂ ಗೊತ್ತಾಯ್ತು?" ಅಂತ ಕೇಳ್ಬೇಕು. ಬಳಪ ಯಾವಾಗಲೂ ಕಲಿಯೋ ಮಗು ಕೈಯಲ್ಲೇ ಇರ್ಬೇಕು. ತೋರಿಸ್ಬೇಕು ಅಂದ್ರೆ ಬೇರೆ ಲೆಕ್ಕ ಹಾಕಿ ತೋರಿಸ್ಬೇಕು, ಅವನ ಲೆಕ್ಕ ಅವನೇ ಮಾಡ್ಲಿ. ಇದನ್ನ ಬಾಯಲ್ಲಿ ಹೇಳಿದ್ರೆ ನಿಲ್ಲಲ್ಲ, ಟೀಚರ್ ಒಂದು ಮಗುವಿನ ಜೊತೆ ಕೂತು ಎಲ್ಲರ ಎದುರಿಗೆ ಆಟದ ತರ ಮಾಡಿ ತೋರಿಸಿ, ಮೊದಲು ತಪ್ಪು ರೀತೀಲಿ, ಸ್ಲೇಟ್ ಕಿತ್ಕೊಂಡು, ಮಕ್ಕಳೆಲ್ಲ ನಗ್ತಾರೆ, ಆಮೇಲೆ ಸರಿ ರೀತೀಲಿ. ಓದಿನಲ್ಲಿ ಹಿಂದೆ ಇರೋ ಮೂರನೇ ಕ್ಲಾಸಿನ ಮಗುವನ್ನ ಒಂದನೇ ಕ್ಲಾಸಿನವರಿಗೆ ಅಕ್ಷರ ಕಾರ್ಡು ಹೇಳಿಕೊಡೋಕೆ ಕೂರಿಸಿ, ಆ ಮಗುವಿಗೆ ಮೊದಲ ಸಲ ಗೊತ್ತಿರೋರು ಅನ್ನೋ ಸ್ಥಾನ ಸಿಗುತ್ತೆ, ಹೇಳಿಕೊಡ್ತಾ ಹೇಳಿಕೊಡ್ತಾ ತನ್ನ ಒತ್ತಕ್ಷರನೂ ಸರಿ ಮಾಡ್ಕೊಳ್ಳುತ್ತೆ.

ನಾಲ್ಕು ಐದನೇ ಕ್ಲಾಸಿಗೆ ಬಂದ್ರೆ ಜಿಗ್ಸಾ ಅನ್ನೋ ಒಂದು ವಿಧಾನ ಇದೆ, 1971ರಲ್ಲಿ ಅಮೆರಿಕದ ಆಸ್ಟಿನ್ ಊರಲ್ಲಿ ಎಲಿಯಟ್ ಆರನ್‌ಸನ್ ಅನ್ನೋರು ಮಾಡಿದ್ದು, ಕಪ್ಪು ಬಿಳಿ ಮಕ್ಕಳನ್ನ ಆಗಷ್ಟೇ ಒಂದೇ ಶಾಲೆಗೆ ಸೇರಿಸಿ ಜಗಳ ಆಗ್ತಿದ್ದಾಗ. ಒಂದು ಪಾಠನ ತುಂಡು ಮಾಡಿ ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಡೋದು, ಆ ತುಂಡು ಅವನಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ, ಹಾಗಾಗಿ ಅವನು ಮಾತಾಡುವಾಗ ಎಲ್ರೂ ಕೇಳಲೇಬೇಕು. ನಮ್ಮ ಕಡೆ ಕಾವೇರಿ ಇಟ್ಕೊಂಡು ಇದನ್ನ ಚೆನ್ನಾಗಿ ಮಾಡ್ಬಹುದು. ಒಬ್ಬನಿಗೆ ಕೆಆರ್‌ಎಸ್, 1911ರಲ್ಲಿ ಕೆಲಸ ಶುರುವಾಗಿದ್ದು, 124.80 ಅಡಿ ಬಂದ್ರೆ ಡ್ಯಾಂ ತುಂಬ್ತು ಅನ್ನೋದು, ನಮ್ಮ ಮಕ್ಕಳಿಗೆ ಈ ನಂಬರ್ ಮನೇಲಿ ಕೇಳಿ ಕೇಳಿ ಬಾಯಿಗೆ ಬಂದಿರುತ್ತೆ. ಇನ್ನೊಬ್ಬಳಿಗೆ ಆ ಡ್ಯಾಂ ನೀರು ಹರಿಯೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಮತ್ತು ಕಬ್ಬು, 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆ. ಮತ್ತೊಬ್ಬನಿಗೆ ರಂಗನತಿಟ್ಟು, 1940ರಲ್ಲಿ ಪಕ್ಷಿಧಾಮ ಆಗಿದ್ದು, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ. ನಾಲ್ಕನೇಯವಳಿಗೆ ನಮ್ಮೂರಿಗೆ ಕುಡಿಯೋ ನೀರು ಎಲ್ಲಿಂದ ಬರುತ್ತೆ ಅಂತ ನೀರು ಬಿಡೋ ನೀರಗಂಟಿಯವರನ್ನ ಕೇಳ್ಕೊಂಡು ಬರೋ ಕೆಲಸ. ಒಂದೇ ತುಂಡು ಸಿಕ್ಕ ಬೇರೆ ಬೇರೆ ಗುಂಪಿನ ಮಕ್ಕಳು ಮೊದಲು ಒಟ್ಟಿಗೆ ಕೂತು ತಯಾರಾಗ್ಲಿ, ಆಮೇಲೆ ತಮ್ಮ ತಮ್ಮ ಗುಂಪಿಗೆ ವಾಪಸ್ ಹೋಗಿ ಹೇಳ್ಲಿ. ಮಾತು ಬರದ ಮಗುವಿಗೆ ಈ ಮಧ್ಯದ ತಯಾರಿನೇ ಧೈರ್ಯ ಕೊಡೋದು.

ಮಾತಾಡದ ಮಗು

ಎಲ್ಲಾ ಕ್ಲಾಸಲ್ಲೂ ಇರುತ್ತೆ, ಗೋಡೆ ಪಕ್ಕ ಕೂರುತ್ತೆ, ಹಾಜರಿ ಕರೆದಾಗಲೂ ಕೈ ಮಾತ್ರ ಎತ್ತುತ್ತೆ. ಇಂಥ ಮಗುವನ್ನ ಸ್ಟೇಜ್ ಮೇಲೆ ನಿಲ್ಲಿಸಿ ಮೈಕ್ ಕೊಡೋದ್ರಿಂದ ಏನೂ ಉಪಯೋಗ ಇಲ್ಲ, ಇನ್ನೂ ಒಳಗೆ ಸೇರ್ಕೊಳ್ಳುತ್ತೆ.

ಮೊದಲು ನಾವು ಕಾಯೋದನ್ನ ಕಲೀಬೇಕು. ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ಹೊತ್ತಲ್ಲಿ ಕ್ಲಾಸ್‌ರೂಂ ಮಾತುಗಳನ್ನ ರೆಕಾರ್ಡ್ ಮಾಡಿ ನೋಡಿದಾಗ ಟೀಚರ್‌ಗಳು ಪ್ರಶ್ನೆ ಕೇಳಿ ಒಂದೇ ಸೆಕೆಂಡ್ ಆಸುಪಾಸು ಕಾಯ್ತಿದ್ರಂತೆ, ಅದನ್ನ ಮೂರು ಸೆಕೆಂಡಿಗೆ ಏರಿಸಿದ ಕಡೆ ಮಕ್ಕಳ ಉತ್ತರ ಉದ್ದ ಆಯ್ತು, ಯಾವಾಗಲೂ ಸುಮ್ನಿರೋ ಮಕ್ಕಳೂ ಬಾಯಿಬಿಟ್ರು. ಪ್ರಶ್ನೆ ಕೇಳಿ ಮನಸ್ಸಲ್ಲೇ ನಿಧಾನಕ್ಕೆ ಮೂರು ಎಣಿಸಿ ನೋಡಿ, ಎಷ್ಟು ಉದ್ದ ಅನ್ಸುತ್ತೆ ಗೊತ್ತಾ, ಕೈ ಎತ್ತಿ "ಮಿಸ್ ನಾನು ಮಿಸ್ ನಾನು" ಅಂತ ಎಗರಾಡೋ ಮಕ್ಕಳಿಗೆ ಕೈ ಕೆಳಗಿಡಿ ಅಂತ ಮೊದಲೇ ಹೇಳಿರ್ಬೇಕು, ಇಲ್ಲಾಂದ್ರೆ ಕಾಯೋಕೆ ಅವರು ಬಿಡಲ್ಲ.

ಎರಡನೇದು, ಮಗು ಮಾತಾಡ್ತಿರುವಾಗ ಮಧ್ಯದಲ್ಲಿ ತಿದ್ದಬೇಡಿ. ನಮ್ಮ ಮಕ್ಕಳು "ಆಲು ಕುಡುದ್ಬುಟ್ಟು ಬಂದೆ" ಅಂತಾರೆ, "ಅಳ್ಳಿಗೋಗಿದ್ದೊ" ಅಂತಾರೆ, ಅದು ಅವರ ಅಜ್ಜಿ ಮಾತು, ಮನೆ ಮಾತು. ಆ ಮಗು ಮೊದಲ ಸಲ ಎದ್ದು ನಿಂತು ಹೇಳ್ತಿರುವಾಗ "ಹಾಲು ಅನ್ನು" ಅಂದ್ರೆ ಹೇಳ್ಬೇಕಾಗಿದ್ದ ವಿಷಯನೇ ನುಂಗಿಬಿಡುತ್ತೆ. ಬರವಣಿಗೇಲಿ ತಿದ್ದೋಣ, ಓದುವಾಗ ತಿದ್ದೋಣ, ಸಭೇಲಿ ಮಾತಾಡುವಾಗ ಬೇಡ.

ಮಾತು ಕಡಿಮೆ ಇರೋ ಮಗುವಿಗೆ ಕೈ ಕೆಲಸದಿಂದ ಶುರು ಮಾಡಿ, ಆಮೇಲೆ ಒಬ್ರಿಗೆ ಹೇಳಿಕೊಡೋ ಕೆಲಸ, ಆಮೇಲೆ ಗುಂಪಿಗೆ, ಆಮೇಲೆ ಬೇಕಾದ್ರೆ ಪ್ರಾರ್ಥನೆಗೆ. ಕೊನೇವರೆಗೂ ಮೈಕ್ ಹಿಡೀದೆ ಇದ್ರೂ ಪರವಾಗಿಲ್ಲ. ಗಿಡದ ಬಗ್ಗೆ ಏನೇ ಕೇಳ್ಬೇಕಾದ್ರೂ ಇಡೀ ಸ್ಕೂಲು ಅವನನ್ನೇ ಹುಡುಕ್ಕೊಂಡು ಬರ್ತಾರೆ ಅಂದ್ರೆ ಅವನು ಲೀಡರೇ.

"ನನ್ ಮಾತೇ ಕೇಳಲ್ಲ ಮಿಸ್"

ಕೆಲಸ ಹಂಚಿದ ಮೊದಲ ವಾರದಲ್ಲೇ ಈ ದೂರು ಬರುತ್ತೆ. ನಾವು ತಕ್ಷಣ ಎದ್ದು ಹೋಗಿ "ಏಯ್, ಅವಳ ಮಾತು ಕೇಳು" ಅಂತ ಗದರಿದ್ರೆ ಅಲ್ಲಿಗೆ ಅವಳ ಅಧಿಕಾರ ಮುಗೀತು, ಇನ್ಮೇಲೆ ಎಲ್ಲದಕ್ಕೂ ನಮ್ಮನ್ನೇ ಕರೀತಾಳೆ. ಬದಲಿಗೆ "ನೀನು ಹೇಗೆ ಹೇಳ್ದೆ, ಹೇಳಿ ತೋರ್ಸು" ಅನ್ನಿ. "ಚಪ್ಲಿ ಸಾಲಾಗ್ ಬುಡೋ ಕತ್ತೆ ಅಂದೆ" ಅಂತಾಳೆ. "ಇನ್ನೊಂದ್ ತರ ಹೇಳೋಕೆ ಆಗುತ್ತಾ?" ಅಂತ ಕೇಳಿದ್ರೆ ಸುಮಾರು ಸಲ ಮಕ್ಕಳೇ ದಾರಿ ಹೇಳ್ತಾರೆ. ಹೆಸರು ಹಿಡಿದು ಕರೆಯೋದು, ಯಾಕೆ ಅಂತ ಕಾರಣ ಹೇಳೋದು, ಒಂದು ಕೆಲಸ ಅವನಿಗೂ ಕೊಡೋದು, ಈ ಮೂರು ದಾರಿ ತೋರಿಸಿ ಸಾಕು. ಚಪ್ಪಲಿ ಎಸೆಯೋ ಹುಡುಗನ್ನೇ ನಾಳೆ ಸಾಲು ಎಳೆಯೋಕೆ ಚಾಕ್‌ಪೀಸ್ ಕೊಟ್ಟು ಕರೆದ್ರೆ ಅವನು ಎಸೆಯೋದು ನಿಲ್ಲಿಸ್ತಾನೆ.

ಜೋರು ಮಾಡೋ ಮಕ್ಕಳು ಕೆಟ್ಟೋರಲ್ಲ, ಅವರು ನೋಡಿರೋ ಲೀಡರ್ ಎಲ್ಲ ಜೋರು ಮಾಡೋರೇ. ಅವರಿಗೆ ಒಬ್ಬರೇ ಮಾಡೋಕಾಗದ ಕೆಲಸ ಕೊಡಿ, ಉದ್ದ ಚಾಪೆ ಮಡಚೋದು, ಬೆಂಚು ಸರಿಸೋದು. ಮತ್ತೆ ಹೊಗಳೋ ವಿಷಯಕ್ಕೆ ಬಂದ್ರೆ "ನೀನು ಜಾಣ, ನೀನೇ ಲೀಡರ್" ಅನ್ನೋದು ಬಿಟ್ಟು ಏನು ಮಾಡಿದ್ದು ಒಳ್ಳೇದಾಯ್ತು ಅದನ್ನ ಹೇಳಿ, "ಅವ್ನಿಗೆ ಪುಸ್ತಕ ಸಿಗ್ಲಿಲ್ಲ ಅಂತ ನೀನೇ ಹುಡುಕಿ ಕೊಟ್ಟೆ, ನೋಡ್ದೆ ನಾನು". ಜಾಣ ಅಂತ ಹೊಗಳಿಸ್ಕೊಂಡ ಮಕ್ಕಳು ಒಂದ್ಸಲ ಸೋತ್ರೆ ಬೇಗ ಕೈಬಿಡ್ತಾರೆ, ಪ್ರಯತ್ನಕ್ಕೆ ಹೊಗಳಿಸ್ಕೊಂಡೋರು ಮತ್ತೆ ಕೈ ಹಾಕ್ತಾರೆ ಅಂತ 1998ರಲ್ಲೇ ಮ್ಯುಲರ್ ಮತ್ತು ಡ್ವೆಕ್ ಅನ್ನೋರು ಐದನೇ ಕ್ಲಾಸ್ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ತೋರಿಸಿದ್ದಾರೆ.

ಸಭೆ, ಎಲೆಕ್ಷನ್, ಪಂಚಾಯ್ತಿ

ವಾರಕ್ಕೊಂದ್ಸಲ, ಶನಿವಾರ ಆದ್ರೆ ಒಳ್ಳೇದು, ಕ್ಲಾಸಲ್ಲಿ ಎಲ್ರೂ ರೌಂಡಾಗಿ ಕೂತು ಇಪ್ಪತ್ತು ನಿಮಿಷ ಸಭೆ ಮಾಡಿ. ಟೀಚರ್ ಕೂಡ ಕೆಳಗೇ ಕೂರ್ಬೇಕು. ಕೈಯಲ್ಲಿ ಒಂದು ಚೆಂಡೋ ಕಡ್ಡಿಯೋ ಇರ್ಲಿ, ಅದು ಯಾರ ಕೈಲಿದ್ಯೋ ಅವರು ಮಾತಾಡೋದು. ಈ ವಾರ ಯಾವ ಕೆಲಸ ಚೆನ್ನಾಗಾಯ್ತು, ಯಾವುದು ಆಗ್ಲಿಲ್ಲ, ಮುಂದಿನ ವಾರಕ್ಕೆ ಒಂದು ತೀರ್ಮಾನ. ತೀರ್ಮಾನ ಚಿಕ್ಕದಿರ್ಲಿ ಆದ್ರೆ ಅವರದ್ದೇ ಆಗಿರ್ಲಿ, ಆಟದ ಪೀರಿಯಡ್‌ನಲ್ಲಿ ಕುಂಟೆಬಿಲ್ಲೆನೋ ಲಗೋರಿನೋ, ಬ್ಯಾಗ್ ಇಲ್ಲದೆ ಬರೋ ಸಂಭ್ರಮ ಶನಿವಾರಕ್ಕೆ ಏನು ಮಾಡೋಣ, ಒಡೆದುಹೋದ ಸ್ಕೇಲಿಗೆ ಏನು ಮಾಡೋಣ. ನೀವು ಮೊದಲೇ ತೀರ್ಮಾನ ಮಾಡಿರೋದನ್ನ ಮಕ್ಕಳ ಬಾಯಲ್ಲಿ ಹೇಳಿಸೋಕೆ ಮಾತ್ರ ಸಭೆ ಕರೀಬೇಡಿ, ಒಂದನೇ ಕ್ಲಾಸಿನ ಮಕ್ಕಳಿಗೂ ಅದು ಗೊತ್ತಾಗಿಬಿಡುತ್ತೆ.

ಶಾಲಾ ಸಂಸತ್ತಿನ ಎಲೆಕ್ಷನ್ ಈಗ ಎಲ್ಲಾ ಕಡೆ ಜೋರಾಗಿ ಮಾಡ್ತಾರೆ, ಮೊಬೈಲಲ್ಲಿ ವೋಟಿಂಗ್ ಮಿಷಿನ್ ಆಪ್ ಹಾಕಿ, ಬೆರಳಿಗೆ ಇಂಕ್ ಹಾಕಿ, ಫೋಟೋನೂ ಬರುತ್ತೆ. ಮಕ್ಕಳಿಗೆ ಅದು ಖುಷಿ ಕೊಡುತ್ತೆ, ಮಾಡ್ಲಿ. ಆದ್ರೆ ಎಲೆಕ್ಷನ್ ಮುಗಿದ ಮಾರನೇ ದಿನ ಆ ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ನೀರಾವರಿ ಮಂತ್ರಿಗೆ ಏನು ಕೆಲಸ ಅಂತ ಕೇಳಿದ್ರೆ ಮಕ್ಕಳಿಗೂ ಗೊತ್ತಿಲ್ಲ ನಮಗೂ ಗೊತ್ತಿಲ್ಲ ಅಂತಾಗಬಾರ್ದು. ನಿಲ್ಲೋ ಮಕ್ಕಳು ಭಾಷಣದಲ್ಲಿ ಎರಡೇ ಮಾತು ಕೊಡ್ಲಿ, ತಮ್ಮ ಕೈಲಾಗೋದು. ಈಜುಕೊಳ ಕಟ್ಟಿಸ್ತೀನಿ ಅನ್ನೋದು ಬೇಡ, ಊಟದ ತಟ್ಟೆ ತೊಳೆಯೋ ಜಾಗದಲ್ಲಿ ಜಾರದ ಹಾಗೆ ಮಾಡಿಸ್ತೀನಿ ಅನ್ಲಿ. ತಿಂಗಳಿಗೊಂದು ಮಂತ್ರಿಮಂಡಲ ಸಭೆ, ಅದಕ್ಕೊಂದು ನೋಟ್‌ಬುಕ್ಕು, ಹೆಡ್‌ಮಾಸ್ಟರ್ ಸಹಿ. ಎಸ್‌ಡಿಎಂಸಿ (ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿ) ಮೀಟಿಂಗಿಗೆ ಇಬ್ಬರು ಮಕ್ಕಳನ್ನ ಹತ್ತು ನಿಮಿಷ ಕರೆಸಿ ಆ ನೋಟ್‌ಬುಕ್ ಓದಿಸಿ, ದೊಡ್ಡೋರು ಉತ್ತರ ಕೊಡ್ಲಿ.

ಗ್ರಾಮ ಪಂಚಾಯ್ತಿಯವರು ಮಕ್ಕಳ ಗ್ರಾಮಸಭೆ ಮಾಡ್ತಾರಲ್ಲ, ನವೆಂಬರ್ ಹೊತ್ತಲ್ಲಿ, ಅದಕ್ಕೆ ಏಳನೇ ಕ್ಲಾಸಿನವರನ್ನ ಮಾತ್ರ ಕಳಿಸೋದು ರೂಢಿ ಆಗಿದೆ. ನಾಲ್ಕು ಐದನೇ ಕ್ಲಾಸಿನ ಮಕ್ಕಳನ್ನೂ ತಯಾರು ಮಾಡಿ ಕಳಿಸಿ. ತಯಾರಿ ಅಂದ್ರೆ ನಾವು ಬರೆದುಕೊಟ್ಟ ಭಾಷಣ ಬಾಯಿಪಾಠ ಮಾಡಿಸೋದಲ್ಲ. ಮಕ್ಕಳು ಮೊದಲು ಎಣಿಸ್ಲಿ, ಶಾಲೆ ದಾರೀಲಿ ಎಷ್ಟು ಲೈಟ್ ಕಂಬ, ಎಷ್ಟು ಉರಿಯಲ್ಲ, ಎಷ್ಟು ನಲ್ಲಿ ಸೋರ್ತಿವೆ, ಚರಂಡಿ ಎಲ್ಲಿ ತೆರೆದಿದೆ, ಅದನ್ನ ಒಂದು ಚಾರ್ಟಲ್ಲಿ ಊರಿನ ನಕ್ಷೆ ಬರೆದು ಗುರುತು ಹಾಕ್ಲಿ. ಸಭೇಲಿ ಒಂದು ಮಗು ಒಂದೇ ವಿಷಯ ಹೇಳ್ಲಿ, ನಕ್ಷೆ ಇನ್ನೊಂದು ಮಗು ಹಿಡ್ಕೊಳ್ಳಿ. ಪಂಚಾಯ್ತಿ ಅಧಿಕಾರಿ ಪಿಡಿಒ "ಮಾಡ್ಸೋಣ ಪುಟ್ಟ" ಅಂದ್ರೆ "ಯಾವಾಗ ಸಾ?" ಅಂತ ಕೇಳೋದನ್ನ ಕಲಿಸಿ, ಮರ್ಯಾದೆಯಿಂದ, ತಾರೀಖು ಬರ್ಕೊಂಡು ಬರ್ಲಿ. ಆ ತಾರೀಖಿಗೆ ಆಗದೆ ಇದ್ರೆ ಮಕ್ಕಳ ಕೈಲೇ ಒಂದು ಕಾಗದ ಬರೆಸಿ ಪಂಚಾಯ್ತಿಗೆ ಕಳಿಸಿ. ಈ ಕೊನೇ ಭಾಗನ ಬಿಡಬೇಡಿ, ಕೇಳಿದ್ದು ಆಗುತ್ತೋ ಇಲ್ವೋ ಅಂತ ಹಿಂದೆ ಬಿದ್ದು ನೋಡೋದೇ ಅವರು ಕಲೀಬೇಕಾಗಿರೋದು.

ಮನೇಲಿ

ಅಪ್ಪ ಅಮ್ಮಂದಿರಿಗೆ ನನ್ನದೊಂದು ಕೇಳಿಕೆ, ಸ್ಕೂಲಿಂದ ಬಂದ ಮಗುವನ್ನ "ಮಾನಿಟರ್ ಆದ್ಯಾ, ಅವ್ರ ಮಗ ಆಗವ್ನಂತೆ" ಅಂತ ಕೇಳ್ಬೇಡಿ. "ಇವತ್ತು ಯಾರಿಗೆ ಏನು ಸಹಾಯ ಮಾಡ್ದೆ, ನಿಂಗ್ಯಾರು ಮಾಡುದ್ರು?" ಅಂತ ಕೇಳಿ. ಮನೇಲೂ ಪೂರ್ತಿ ಒಂದು ಕೆಲಸ ಮಗುವಿಗೆ ಬಿಡಿ, ಕರುಗೆ ನೀರಿಡೋದೋ, ಅಜ್ಜಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸೋದೋ, ಸಂತೆಗೆ ಹೊರಟಾಗ ಚೀಟಿ ಬರೆಯೋದೋ. ಸಂತೇಲಿ ಟೊಮೇಟೊ ರೇಟ್ ಅದೇ ಕೇಳ್ಲಿ, ಚಿಲ್ಲರೆ ಅದೇ ಎಣಿಸಿ ತಗೊಳ್ಳಿ, ಐದು ರೂಪಾಯಿ ಕಡಿಮೆ ಬಂದ್ರೆ ವಾಪಸ್ ಹೋಗಿ ಅದೇ ಕೇಳ್ಲಿ, ನೀವು ಪಕ್ಕದಲ್ಲಿ ನಿಂತಿದ್ರೆ ಸಾಕು. ಹಬ್ಬದ ದಿನ ನೆಂಟರ ಎದುರಿಗೆ ರೈಮ್ಸ್ ಹೇಳಿಸೋದಕ್ಕಿಂತ ಎಲೆ ಎಷ್ಟು ಹಾಕ್ಬೇಕು ಅಂತ ಎಣಿಸಿ ಹಾಕೋ ಕೆಲಸ ಕೊಡಿ, ಗಂಡುಮಕ್ಕಳಿಗೂ ಕೊಡಿ.

ಮೈಸೂರು ಹತ್ರ ಇರೋರು ಬೇಸಿಗೆ ರಜೇಲಿ ರಂಗಾಯಣ ನಾಟಕ ಸಂಸ್ಥೆಯ ಚಿಣ್ಣರ ಮೇಳಕ್ಕೆ ಸೇರಿಸ್ಬಹುದು, ನಾಟಕದಲ್ಲಿ ಪರದೆ ಹಿಂದೆ ಕೆಲಸ ಮಾಡೋ ಮಗು ಎಷ್ಟು ಮುಖ್ಯ ಅಂತ ಅಲ್ಲಿ ಗೊತ್ತಾಗುತ್ತೆ. ಶಾಲೇಲಿ ಕಬ್, ಬುಲ್‌ಬುಲ್ (ಸ್ಕೌಟ್ಸ್ ಗೈಡ್ಸ್‌ನ ಚಿಕ್ಕ ಮಕ್ಕಳ ವಿಭಾಗ) ಇದ್ರೆ ಬಿಡಬೇಡಿ, ಚಿಕ್ಕ ಗುಂಪು, ಗುಂಪಿಗೊಬ್ಬ ಸಿಕ್ಸರ್ ಅನ್ನೋ ಲೀಡರ್, ಅಲ್ಲಿ ಜವಾಬ್ದಾರಿ ಅಳತೆಗೆ ಸರಿಯಾಗಿರುತ್ತೆ.

ಕಥೆ ಹೇಳುವಾಗ ರಾಜ ಮಹಾರಾಜರನ್ನಷ್ಟೇ ಹೇಳ್ಬೇಡಿ, ಮಳವಳ್ಳಿ ತಾಲೂಕು ದಾಸನದೊಡ್ಡಿ ಕಾಮೇಗೌಡರ ಕಥೆ ಹೇಳಿ. ಕುರಿ ಮೇಯಿಸ್ತಿದ್ದೋರು, ಕುಂದಿನಿ ಬೆಟ್ಟದಲ್ಲಿ ಪ್ರಾಣಿ ಪಕ್ಷಿಗೆ ನೀರಿಲ್ಲ ಅಂತ ತಾವೇ ಗುದ್ದಲಿ ಹಿಡಿದು, ಕುರಿ ಮಾರಿದ ದುಡ್ಡನ್ನೂ ಹಾಕಿ ಒಂದಾದ ಮೇಲೊಂದು ಕಟ್ಟೆ ತೋಡಿದ್ರು, 2020ರಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅವರ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯ್ತು, 2022ರಲ್ಲಿ ತೀರಿಕೊಂಡ್ರು. ಅವರಿಗೆ ಯಾವ ಹುದ್ದೆನೂ ಇರ್ಲಿಲ್ಲ. ಕಥೆ ಮುಗಿದ ಮೇಲೆ ನೀತಿ ಹೇಳೋಕೆ ಹೋಗ್ಬೇಡಿ, "ಮೊದಲ ದಿನ ಅವರು ಒಬ್ರೇ ಹೋದಾಗ ಏನು ಅನ್ಕೊಂಡಿರ್ಬಹುದು?" ಅಂತ ಒಂದು ಪ್ರಶ್ನೆ ಕೇಳಿ, ಮೂರು ಎಣಿಸಿ, ಕಾಯಿರಿ.

ಕೊನೇದಾಗಿ ಒಂದು ಚಿಕ್ಕ ನೋಟ್‌ಬುಕ್ ಇಡಿ, ಮಗುವಿಗೊಂದು ಪುಟ. ಮಾರ್ಕ್ಸ್ ಬೇಡ, ಗ್ರೇಡ್ ಬೇಡ, ಕಂಡಿದ್ದನ್ನ ಒಂದೊಂದು ಸಾಲು ಬರೀರಿ, "ಇವತ್ತು ತಾನಾಗೇ ಹೋಗಿ ಜಗಳ ಬಿಡಿಸಿದ", "ಲೋಟ ಕಡಿಮೆ ಇದೆ ಅಂತ ಅಡುಗೆಯವರಿಗೆ ಹೋಗಿ ಹೇಳಿದ್ಲು". ದಸರಾ ರಜಕ್ಕೆ ಮುಂಚೆ ಕೂತು ತಿರುವಿ ನೋಡಿ. ಕೆಲವು ಪುಟ ತುಂಬಿರುತ್ತೆ, ಕೆಲವು ಪುಟದಲ್ಲಿ ಏನೂ ಇರಲ್ಲ. ಏನೂ ಇಲ್ಲದ ಪುಟದ ಮಕ್ಕಳ ಹೆಸರು ಬೇರೆ ಬರೆದಿಟ್ಕೊಳ್ಳಿ, ರಜ ಮುಗಿಸಿ ಬಂದ ಮೊದಲ ಸೋಮವಾರದ ಚಾರ್ಟಲ್ಲಿ ಮೊದಲು ಸಿಕ್ಕಿಸ್ಬೇಕಾಗಿರೋದು ಆ ಹೆಸರುಗಳನ್ನೇ.